ಅತ್ತೆಯವರ ರಂಗೋಲಿಯ ಸ್ಥಳಾಂತರ

ಗೆರೆ ಕೂಡಿಸುವುದೇ ನನ್ನ ಹೊಟ್ಟೆಪಾಡು. ಹೂವಿನಹಡಗಲಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಯಾರನ್ನಾದರೂ ನಿಲ್ಲಿಸಿ, ಮನೆ ಪ್ಲಾನ್ ಬರೆಯುವ ಗುರುಬಸವರಾಜ ಎಲ್ಲಿರುತ್ತಾನೆ ಎಂದು ಕೇಳಿ, ತೋರಿಸುತ್ತಾರೆ. (ತೋರಿಸುವ ಆ ಮನೆಯ ಪ್ಲಾನ್ ಮಾತ್ರ ನನ್ನದಲ್ಲ. ಅಡುಗೆಮನೆಗೆ ಹೋಗಬೇಕಾದರೆ ದೇವರ ಕೋಣೆ ಹಾದು ಹೋಗಬೇಕು. ಊರವರ ಮನೆಗಳನ್ನೆಲ್ಲ ನೆಟ್ಟಗೆ ಮಾಡಿದವನಿಗೆ ತನ್ನದನ್ನು ಮುಟ್ಟಲು ಹೆಂಡತಿ ಬಿಟ್ಟಿಲ್ಲ.) ನಾಲ್ಕು ಗೋಡೆಗಳು ಮೂಲೆಯಲ್ಲಿ ಒಂದನ್ನೊಂದು ಮುಟ್ಟಿದರೆ ಅದು ಕೋಣೆ. ಕೂದಲೆಳೆಯಷ್ಟು ಸಂದು ಬಿಟ್ಟರೂ ಕಂಪ್ಯೂಟರು ಅದನ್ನು ಕೋಣೆ ಎಂದು ಒಪ್ಪುವುದಿಲ್ಲ, ಚದರಡಿಯ ಲೆಕ್ಕ ಕೊಡುವುದಿಲ್ಲ. ಹೀಗಾಗಿ ಎಲ್ಲಿ ಕೂಡದ ಗೆರೆ ಕಂಡರೂ ನನ್ನ ಕೈ ತುರಿಸುತ್ತದೆ. ಈ ತುರಿಕೆಯಿಂದಲೇ ಇಷ್ಟು ವರ್ಷ ಅನ್ನ ಉಂಡಿದ್ದೇನೆ. ಅಂಥವನು ಒಂದೇ ಒಂದು ಗೆರೆ ಕೂಡಿಸಿದ ಅಪರಾಧಕ್ಕೆ ಈಗ ಸ್ವಂತ ಮನೆಯಲ್ಲಿ ಸಕ್ಕರೆ ಇಲ್ಲದ ಚಹಾ ಕುಡಿಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನ್ಯಾಯ ನೀವು ಹೇಳಿ.

ಲಾಕ್‌ಡೌನಿನಲ್ಲಿ ಗಿರಾಕಿಗಳು ಮನೆಗೆ ಬರುವಂತಿರಲಿಲ್ಲ. ಹೊಸಪೇಟೆಯ ಎಂಜಿನಿಯರೊಬ್ಬರು ನನಗೆ ಆನ್‌ಲೈನ್ ವೈಟ್‌ಬೋರ್ಡ್ ಎಂಬ ಹೊಸ ವಿದ್ಯೆ ಕಲಿಸಿದರು. ಅದೊಂದು ಅಂಚೇ ಇಲ್ಲದ ಬಿಳಿ ಹಲಗೆ. ನಾನಿಲ್ಲಿ ಗೆರೆ ಎಳೆದರೆ ಗಿರಾಕಿ ತನ್ನ ಊರಿನಲ್ಲಿ ಕೂತು ಫೋನಿನಲ್ಲಿ ನೋಡಬಹುದು. ನೋಡಿ ಸುಮ್ಮನಿರದೆ, ತಾನೂ ಬೆರಳಾಡಿಸಿ ನನ್ನ ಬಾಗಿಲನ್ನು ಅಳಿಸಿ ಕಿಟಕಿ ಮಾಡಬಹುದು. ಇಂಥ ಮಹಾಸಾಧನವನ್ನು ನನ್ನ ಹೆಂಡತಿ ಸುಮಲತಾ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

"ನಿಮ್ಮ ಹಲಗಿ ಇಷ್ಟು ದೊಡ್ಡದೈತಿ. ನಮ್ಮವ್ವಗ ಒಂದು ಮೂಲಿ ಕೊಟ್ರ ನಿಮ್ಮ ಗಂಟೇನು ಹೋಗ್ತೈತ್ರಿ?" ಎಂದಳು.

ಅವ್ವ ಎಂದರೆ ನಮ್ಮ ಅತ್ತೆ ಪಂಪಮ್ಮನವರು. ಹೊಳೆದಂಡೆಯ ಮಾಗಳದಲ್ಲಿ ಮಾವನವರೊಂದಿಗೆ ಮಗನ ಸಂಸಾರದಲ್ಲಿ ಇದ್ದರು. ಮೊಣಕಾಲು ಕೈಕೊಟ್ಟು, ಬಾಗಿ ರಂಗೋಲಿ ಹಾಕುವುದು ಅವರಿಂದ ಆಗುತ್ತಿರಲಿಲ್ಲ. ಸೊಸೆ ಸಂತೆಯಿಂದ ಪ್ಲಾಸ್ಟಿಕ್ಕಿನ ರಂಗೋಲಿ ತಂದು ಹೊಸ್ತಿಲ ಮುಂದೆ ಅಂಟಿಸಿಬಿಟ್ಟಿದ್ದಳು. ಮೊಣಕಾಲಿಗಿಂತ ಆ ಸ್ಟಿಕ್ಕರೇ ಅವರಿಗೆ ಹೆಚ್ಚು ನೋಯುತ್ತಿತ್ತು. ನನ್ನ ಹಳೆಯ ಟ್ಯಾಬ್ ಮಾಗಳಕ್ಕೆ ಹೋಯಿತು. ಮೊದಲ ದಿನವೇ ಅಲ್ಲಿಂದ ತಕರಾರು ಬಂತು, ಸಗಣಿ ಸಾರಿಸದ ಅಂಗಳದಲ್ಲಿ ಯಾರಾದರೂ ರಂಗೋಲಿ ಹಾಕುತ್ತಾರೆಯೇ ಎಂದು. ನಾನು ಹಲಗೆಯ ಮೇಲೆ ಹಸಿ ಸಗಣಿಯ ಬಣ್ಣದ ಒಂದು ಚೌಕ ಮಾಡಿಕೊಟ್ಟೆ. ಅಲ್ಲಿಂದ ಮುಂದೆ ದಿನವೂ ಬೆಳಿಗ್ಗೆ ಒಂದು ಚೌಕ ಸಾರಿಸಿಡುವುದು ಅಳಿಯನ ಕರ್ತವ್ಯವಾಯಿತು. (ನನ್ನ ಡಿಪ್ಲೊಮಾದಲ್ಲಿ ಈ ವಿಷಯ ಇರಲಿಲ್ಲ.)

ಅತ್ತೆಯವರು ಮಂಚದ ಮೇಲೆ ಕೂತು ಬೆರಳಿನಿಂದ ಚುಕ್ಕಿ ಇಟ್ಟು ಬಿಳಿ ಗೆರೆ ಎಳೆಯುತ್ತಿದ್ದರು. ಎಲ್ಲ ಎಳೆದು ಒಂದು ಗೆರೆಯನ್ನು ಮಾತ್ರ ಕೂಡಿಸದೆ ಬಿಡುತ್ತಿದ್ದರು. ಹೆಣ್ಣುಮಕ್ಕಳು ಚಿಕ್ಕವರಿದ್ದಾಗಿನಿಂದ ಅವರ ಪದ್ಧತಿಯೇ ಅದಂತೆ. ಸುಮಲತಾ ಮತ್ತು ಆಕೆಯ ತಂಗಿ ಅಮೃತಾ ಹೊಸ್ತಿಲಲ್ಲಿ ಕೂತು ಆ ಕೊನೆಯ ಗೆರೆ ಕೂಡಿಸಿಯೇ ಶಾಲೆಗೆ ಹೋಗಬೇಕು. ಈಗ ಒಬ್ಬಳು ಹಡಗಲಿಯಲ್ಲಿ, ಇನ್ನೊಬ್ಬಳು ಕೊಟ್ಟೂರಿನಲ್ಲಿ. ಯಾರು ಮೊದಲು ಏಳುತ್ತಾರೋ ಅವರು ಕೂಡಿಸಬೇಕು, ಇವಳದು ಕೆಂಪು, ಅವಳದು ಹಸಿರು. ಗೆರೆ ಕೂಡಿತೆಂದರೆ ಮಗಳು ಎದ್ದಿದ್ದಾಳೆ, ಚೆನ್ನಾಗಿದ್ದಾಳೆ ಎಂದು ತಾಯಿಗೆ ಸಮಾಧಾನ. (ಇದೆಲ್ಲ ನನಗೆ ತಿಳಿದದ್ದು ಅನಾಹುತವಾದ ಮೇಲೆ. ಅಲ್ಲಿಯವರೆಗೆ ನನ್ನ ಕಣ್ಣಿಗೆ ಬಿದ್ದದ್ದು ಮೂರು ಬಣ್ಣದ ಸೊಟ್ಟ ಗೆರೆಗಳು, ಅಷ್ಟೇ.)

ಒಮ್ಮೆ ಅತ್ತೆಯವರ ಬೆರಳು ಜಾರಿ ರಂಗೋಲಿಯೊಂದು ಅಂಗಳ ದಾಟಿ ಹಂಪಸಾಗರದ ಪಾಲಯ್ಯನ ಮನೆ ಪ್ಲಾನಿನ ಮೇಲೆ ಹೋಗಿ ಕೂತಿತು. ಪಾಲಯ್ಯ ಫೋನ್ ಮಾಡಿ, ಸಂಡಾಸಿನ ಗುಂಡಿ ಬಹಳ ಚಂದ ಬಂದಿದೆ, ಆದರೆ ಅದಕ್ಕೆ ಎಂಟೆಸಳು ಯಾಕೆ ಎಂದು ವಿನಯದಿಂದ ಕೇಳಿದ. ಈ ಕಥೆ ಮಾಗಳಕ್ಕೆ ಮುಟ್ಟಿದಾಗ ಅತ್ತೆಯವರು ಕೆಮ್ಮು ಬರುವವರೆಗೆ ನಕ್ಕಿದ್ದು ನನಗೆ ಫೋನಿನಲ್ಲಿ ಕೇಳಿಸಿತ್ತು.

ಲಾಕ್‌ಡೌನ್ ಮುಗಿದರೂ ರಂಗೋಲಿ ನಿಲ್ಲಲಿಲ್ಲ. ಕಳೆದ ಕಾರ್ತಿಕದಲ್ಲಿ ಅತ್ತೆಯವರು ತೀರಿಕೊಂಡರು. ಹಲಗೆಯ ಮೇಲೆ ಕೊನೆಗೆ ಉಳಿದದ್ದು ಒಂದು ಕಮಲ, ಅದರ ಒಂದು ಎಸಳು ಕೂಡಿರಲಿಲ್ಲ. ಟ್ಯಾಬ್ ನಮ್ಮ ಮನೆಗೆ ವಾಪಸು ಬಂತು. ಸುಮಲತಾ ದಿನವೂ ದೇವರಿಗೆ ದೀಪ ಹಚ್ಚಿ, ಅಲ್ಲಿಯೇ ಕೂತು ಆ ಕಮಲವನ್ನು ತೆಗೆದು ನೋಡಿ, ಕಣ್ಣೊರೆಸಿಕೊಂಡು ಮುಚ್ಚಿಡುತ್ತಿದ್ದಳು. ಚಹಾಕ್ಕಾಗಿ ಅಡುಗೆಮನೆಗೆ ಹೋಗುವ ದಾರಿ ಅದೇ ಆದ್ದರಿಂದ ನಾನು ದಿನವೂ ನೋಡುತ್ತಿದ್ದೆ. ನೋಡಿ ನನ್ನ ಬುದ್ಧಿಗೆ ತಿಳಿದದ್ದು ಏನೆಂದರೆ, ಪಾಪ, ತಾಯಿಯ ಕೊನೆಯ ರಂಗೋಲಿ ಅರ್ಧಕ್ಕೇ ನಿಂತಿತಲ್ಲ ಎಂದು ಇವಳು ಅಳುತ್ತಾಳೆ. ನನ್ನ ಕೈ ತುರಿಸಲು ಶುರುವಾದದ್ದು ಆಗಲೇ.

ಅಷ್ಟರಲ್ಲಿ ಹಲಗೆಯ ಕಂಪನಿಯಿಂದ ಒಂದು ಓಲೆ ಬಂತು. ಇನ್ನು ಮುಂದೆ ಬಿಟ್ಟಿ ಹಲಗೆಗಳು ಇರುವುದಿಲ್ಲವಂತೆ, ಬೇಕಾದವರು ತಮ್ಮ ಗಂಟುಮೂಟೆ ಕಟ್ಟಿಕೊಂಡು ಬೇರೆಡೆ ಹೋಗಬಹುದಂತೆ. ಬಾಡಿಗೆ ಮನೆಯ ಯಜಮಾನನಾದರೂ ಇದಕ್ಕಿಂತ ಮರ್ಯಾದೆಯಿಂದ ಹೇಳುತ್ತಾನೆ. ಓದಿ ಹೇಳಿದೊಡನೆ ಸುಮಲತಾಳ ಮುಖ ಬಾಡಿತು. ಹೊಸ ಮನೆಗೆ ಹೊರಟವನ ಉತ್ಸಾಹದಲ್ಲಿ ನಾನು ಎದೆ ತಟ್ಟಿಕೊಂಡು, ಇನ್ನೊಂದು ಕಂಪನಿಯ ಹಲಗೆ ಇದೆ, ಎಲ್ಲವನ್ನೂ ಅಲ್ಲಿಗೆ ಸಾಗಿಸಿ ಗೃಹಪ್ರವೇಶ ಮಾಡಿಸುವ ಭಾರ ನನ್ನದು ಎಂದೆ.

ಆಕೆ ಹೇಳಿದ್ದು ಒಂದೇ ಮಾತು. "ಇದ್ದದ್ದು ಇದ್ದಂಗ ಬರ್ಬೇಕು ನೋಡ್ರಿ."

ಹೂಂ ಅಂದೆ. ಹೂಂ ಅನ್ನುವುದು ಮದುವೆಯಾದಂದಿನಿಂದ ರೂಢಿಯಾಗಿದೆ, ಅದರ ಮುಂದಿನ ಮಾತು ಕಿವಿಗೆ ಇಳಿಯುವುದು ಇನ್ನೂ ರೂಢಿಯಾಗಿಲ್ಲ.

ಸಾಮಾನು ಸಾಗಿಸಿದವರಿಗೆ ಗೊತ್ತು, ಹೊಸ ಮನೆಗೆ ಹೋಗಿ ಇಳಿಸುವಷ್ಟರಲ್ಲಿ ಎಷ್ಟು ಬಟ್ಟಲು ಒಡೆದಿರುತ್ತವೆ ಎಂದು. ಹೊಸ ಹಲಗೆಯಲ್ಲಿ ರಂಗೋಲಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬಂದು ಬಿದ್ದವು. ಅಕ್ಕತಂಗಿಯರು ನಡುವೆ ಅಂಟಿಸಿದ್ದ ಹಳದಿ ಚೀಟಿಗಳು (ಇವತ್ತು ಕೊಟ್ಟೂರಾಗ ಮಳಿ, ಅವ್ವ ಔಷಧ ತಗೊಂಡಿಯೇನು, ಇಂಥವು) ಒಂದು ಮೂಲೆಯಲ್ಲಿ ಗುಡ್ಡೆಯಾಗಿದ್ದವು. ನಾನು ತಲೆಗೆ ಟವೆಲ್ ಸುತ್ತಿಕೊಂಡು ಕೂತೆ. ರಂಗೋಲಿಗಳನ್ನು ಬಡಾವಣೆಯ ಸೈಟುಗಳ ಹಾಗೆ ಸಾಲಾಗಿ ಜೋಡಿಸಿದೆ, ನಡುವೆ ರಸ್ತೆ ಬಿಟ್ಟೆ. ಕೆಂಪು, ಹಸಿರು ತೇಪೆಗಳು ಕಣ್ಣಿಗೆ ಹಿತವೆನಿಸದೆ ಎಲ್ಲವನ್ನೂ ಬಿಳಿ ಮಾಡಿದೆ. ಅಷ್ಟರಲ್ಲಿ ಹೊಸ ಹಲಗೆ ತಾನಾಗಿಯೇ ನನ್ನನ್ನು ಕೇಳಿತು, ಕೈಯಿಂದ ಎಳೆದ ಗೆರೆಗಳು ಸೊಟ್ಟಗಿವೆ, ನೆಟ್ಟಗೆ ಮಾಡಲೇ ಎಂದು. ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಮನಸ್ಸನ್ನು ಇಷ್ಟು ಚೆನ್ನಾಗಿ ಅರಿತು ಕೇಳಿದವರು ಬೇರೆ ಯಾರೂ ಇಲ್ಲ. ಮಾಡು ಎಂದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಅತ್ತೆಯವರ ಅಷ್ಟೂ ರಂಗೋಲಿಗಳು ಮೈ ಕೊಡವಿಕೊಂಡು ನೆಟ್ಟಗೆ ನಿಂತವು. ವೃತ್ತವೆಂದರೆ ವೃತ್ತ, ಗೆರೆ ಎಂದರೆ ಗೆರೆ. ಹಸೆಮಣೆಯ ಮೇಲೆ ಕೂತ ಮದುಮಕ್ಕಳ ಹಾಗೆ ಕಂಡವು ನನಗೆ.

ಉಳಿದದ್ದು ಕೊನೆಯ ಕಮಲ. ಅದನ್ನು ಯಂತ್ರಕ್ಕೆ ಬಿಡಲು ಮನಸ್ಸಾಗಲಿಲ್ಲ. ಅತ್ತೆಯವರ ಮೇಲೆ ನನಗೆ ನಿಜವಾಗಿ ಪ್ರೀತಿಯಿತ್ತು. ಹಬ್ಬಕ್ಕೆ ಹೋದಾಗ ಅವರು ನನ್ನ ತಟ್ಟೆಗೆ ತುಪ್ಪ ಹಾಕುವಾಗ ಕೈ ಬಿಗಿಹಿಡಿದದ್ದೇ ಇಲ್ಲ. ಸ್ವತಃ ನನ್ನ ಬೆರಳಿನಿಂದಲೇ ಎಸಳುಗಳನ್ನೆಲ್ಲ ನೆಟ್ಟಗೆ ತಿದ್ದಿ, ಕೂಡದೆ ಉಳಿದಿದ್ದ ಆ ಎಸಳಿನ ಗೆರೆಯನ್ನು ತಂದು ಕೂಡಿಸಿದೆ. ಕೂಡಿದ ಮೇಲೆ ಒಳಗೆ ಬಣ್ಣ ತುಂಬಲು ಬರುತ್ತದಲ್ಲ, ತಿಳಿ ಗುಲಾಬಿ ತುಂಬಿದೆ. ಕಣ್ಣು ತೇವವಾಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಮಾಡಿದ್ದು ನಮ್ಮ ಕಸುಬಿನ ಶಿಸ್ತು. ಪ್ಲಾನ್ ತಿದ್ದಿದ ಮೇಲೆ ಹಳೆಯದನ್ನು ಹರಿದು ಹಾಕಬೇಕು, ಇಲ್ಲವಾದರೆ ಮೇಸ್ತ್ರಿ ಅದನ್ನೇ ನೋಡಿಕೊಂಡು ಕಟ್ಟುತ್ತಾನೆ. ಹಗರಿಬೊಮ್ಮನಹಳ್ಳಿಯಲ್ಲಿ ಹೀಗೆ ಎರಡೂ ಪ್ಲಾನ್ ಸೈಟಿನಲ್ಲಿ ಉಳಿದು, ಒಂದು ಮನೆಗೆ ಎರಡು ಕಡೆ ಮೆಟ್ಟಿಲು ಬಂದು, ಅಣ್ಣತಮ್ಮಂದಿರು ಅದೇ ನೆಪದಲ್ಲಿ ಬೇರೆಯಾದರು. ಆ ಪಾಠ ಮರೆಯದ ನಾನು ಹಳೆಯ ಹಲಗೆಯನ್ನು ಬುಡಸಮೇತ ಅಳಿಸಿದೆ. ಖಚಿತವೇ ಎಂದು ಅದು ಕೇಳಿತು. ಖಚಿತ ಎಂದೆ.

ಮಧ್ಯಾಹ್ನ ಸುಮಲತಾಳನ್ನು ಕರೆದು ಕೂರಿಸಿ, ಟ್ಯಾಬನ್ನು ತಾಂಬೂಲದ ತಟ್ಟೆ ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟೆ. ಆಕೆ ನೋಡಿದಳು. ಎರಡು ಬೆರಳಿನಿಂದ ಒಂದು ರಂಗೋಲಿಯನ್ನು ದೊಡ್ಡದು ಮಾಡಿ ನೋಡಿದಳು, ಇನ್ನೊಂದನ್ನು ಮಾಡಿದಳು, ಮತ್ತೊಂದನ್ನು ಮಾಡಿದಳು. ಹಬ್ಬದ ಜನಜಂಗುಳಿಯಲ್ಲಿ ಯಾರನ್ನೋ ಹುಡುಕುವ ಹಾಗಿತ್ತು ಆಕೆಯ ಮುಖ. ನಾನು ಹೊಗಳಿಕೆಗಾಗಿ ಕಾಯುತ್ತಿದ್ದೆ.

"ಅವ್ವನ ಕೈ ಎಲ್ಲೈತ್ರಿ ಇದರಾಗ?" ಎಂದಳು.

ಸೊಟ್ಟ ಇದ್ದದ್ದನ್ನೆಲ್ಲ ಸರಿ ಮಾಡಿದ್ದೇನೆ ಎಂದು ನಾನು ವಿವರಿಸಿದೆ. ಅತ್ತೆಯವರ ಕೈ ನಡುಗುತ್ತಿತ್ತು, ಅದರ ಗುರುತೇ ಸಿಗದ ಹಾಗೆ ಮಾಡಿದ್ದೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅಷ್ಟರಲ್ಲಿ ಆಕೆ ಕಮಲಕ್ಕೆ ಬಂದಿದ್ದಳು.

"ಇದನ್ನ ಯಾರು ಕೂಡಿಸಿದ್ರು?"

"ನಾನೇ. ಯಾಕ, ಚಂದ ಬಂದಿಲ್ಲೇನು?"

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು, ಬೈಸಿಕೊಳ್ಳುವುದರಲ್ಲಿ ನಾನು ಪಳಗಿದವನು. ಆಕೆ ಗೋಡೆಗೆ ಒರಗಿ ಮೆಲ್ಲಗೆ ಅಳತೊಡಗಿದಳು. ಹೊಸ್ತಿಲ ಪದ್ಧತಿ, ಕೆಂಪು, ಹಸಿರು, ಎಲ್ಲ ಹೇಳಿದ್ದು ಆಗ.

"ಅದೊಂದನ್ನ ನಾನೂ ಕೂಡಿಸಿದ್ದಿಲ್ಲ, ಅಮೃತಾನೂ ಕೂಡಿಸಿದ್ದಿಲ್ಲ. ಅದು ಹಂಗ ಇರೋತನಕ, ಯಾಕವ್ವ ಇನ್ನಾ ಎದ್ದಿಲ್ಲೇನು ಅಂತ ಅವ್ವ ನಮ್ಮನ್ನ ಕಾಯ್ತಿರ್ತಾಳ ಅನ್ನಿಸ್ತಿತ್ರಿ. ನೀವು ಮುಗಿಸಿಬಿಟ್ರಿ."

ನನಗೂ ಅಳು ಬಂತು. ಈಗಲೇ ಬಿಡಿಸಿಕೊಡುತ್ತೇನೆ ಎಂದು ಕೈ ಚಾಚಿದೆ. ಮುಟ್ಟಬ್ಯಾಡ್ರಿ ಎಂದು ಟ್ಯಾಬನ್ನು ಎದೆಗವಚಿಕೊಂಡಳು. ಹಳೆಯ ಕಂಪನಿಗೆ ಬರೆದೆ, ಅಂಗಲಾಚಿದೆ. ನಿಮ್ಮ ಹಲಗೆಯನ್ನು ಯಶಸ್ವಿಯಾಗಿ ಅಳಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಉತ್ತರ ಬಂತು. ಕೊಟ್ಟೂರಿನಿಂದ ಅಮೃತಾ ಫೋನ್ ಮಾಡಿ, ಇನ್ನು ಮುಂದೆ ಭಾವ ನಮ್ಮ ಮನೆಗೆ ಬಂದರೆ ಅವರ ಕೈಗೆ ಏನೂ ಕೊಡುವುದಿಲ್ಲ, ನೀರಿನ ಲೋಟ ಕೂಡ ನಾವೇ ಹಿಡಿದು ಕುಡಿಸುತ್ತೇವೆ ಎಂದಳು. ಟ್ಯಾಬ್ ದೇವರ ಕೋಣೆಯ ಗೂಡು ಸೇರಿತು, ಅದನ್ನು ಮುಟ್ಟಬಾರದೆಂದು ನನಗೆ ಕಟ್ಟಪ್ಪಣೆಯಾಯಿತು. ಚಹಾದ ವಿಷಯ ಮೊದಲೇ ಹೇಳಿದ್ದೇನೆ.

ಮೊನ್ನೆ ನಮ್ಮ ಮಾವ ಉಜ್ಜಿನಪ್ಪನವರು ಮಾಗಳದ ಬಸ್ಸಿಗೆ ಬಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಮೊಗ್ಗು ಮಗಳಿಗೆ ಕೊಟ್ಟರು, ಮಗಳು ನನ್ನ ಮೇಲಿನ ದೂರನ್ನು ಅವರಿಗೆ ಕೊಟ್ಟಳು. ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಹೇಳಿದಳು. ನಾನು ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದೆ. ಮಗಳು ಹಿಟ್ಟಿನ ಗಿರಣಿಗೆ ಹೋದ ಮೇಲೆ ಮಾವ ನನ್ನ ಕಡೆ ಸರಿದರು.

"ಅಳಿಯಂದ್ರ, ಆ ಗೆರಿ ಎಲ್ಲಿ ಕೂಡಿಸಿದ್ರಿ? ಒಂದೀಟು ತೋರಿಸ್ರಿ."

ನನಗೆ ಮುಟ್ಟುವ ಅಧಿಕಾರವಿಲ್ಲ ಎಂದೆ. ಕೇಳಲಿಲ್ಲ. ಕಳ್ಳನ ಹಾಗೆ ದೇವರ ಕೋಣೆಗೆ ಹೋಗಿ, ದೇವರಿಗೊಂದು ಕೈ ಮುಗಿದು ಟ್ಯಾಬ್ ತಂದೆ. ಗುಲಾಬಿ ಕಮಲವನ್ನು ಮಾವ ಬಹಳ ಹೊತ್ತು ನೋಡಿದರು.

"ಇದು ಆಕಿ ಹಾಕಿದ್ದಲ್ರಿ. ನಾ ಹಾಕಿದ್ದು," ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಅಂಗಳದ ಕಡೆ ನೋಡುತ್ತ ಹೇಳಿದರು.

"ಅವತ್ತು ಆಕಿ ಕೈ ಏಳಲಿಲ್ಲ. ಹುಡುಗ್ಯಾರು ದಾರಿ ನೋಡ್ತಾರ, ನೀವಾ ಹಾಕ್ರಿ ಅಂದ್ಳು. ನನಗೇನು ಬರ್ತೈತ್ರಿ ರಂಗೋಲಿ? ಮಲಗಿದಲ್ಲೇ ಹೇಳ್ಕೊಂತ ಹೋದ್ಳು, ಮ್ಯಾಲೆ ತಗೋರಿ, ಹೊಳ್ಳಿಸ್ರಿ, ಕೆಳಗ ಇಳಿಸ್ರಿ ಅಂತ. ನಾ ಎಳಕೊಂತ ಹೋದೆ. ಕಡೀ ಎಸಳಿಗೆ ಬಂದಾಗ ಆಕಿ ಮಾತು ನಿಂತ್ವು. ನಿದ್ದಿ ಹತ್ತಿತೇನೋ, ಎದ್ದ ಮ್ಯಾಲೆ ಕೇಳಿದ್ರಾತು ಅಂತ ಅಷ್ಟಕ್ಕ ಬಿಟ್ಟೆ. ಏಳಲಿಲ್ಲ. ಆ ಗೆರಿ ಎಲ್ಲಿಗೆ ಹೋಗಬೇಕಿತ್ತು ಅನ್ನೋದು ಒಂದು ನನ್ನ ತಲ್ಯಾಗ ಉಳಕೊಂಡುಬಿಡ್ತು."

ಹಾಗಾದರೆ ಗೆರೆ ಬಿಡುವ ಪದ್ಧತಿ ನಿಮಗೆ ಗೊತ್ತಿತ್ತೇ ಎಂದು ಕೇಳಿದೆ. ಇವತ್ತು ಮಗಳ ಬಾಯಿಂದ ಕೇಳಿದ ಮೇಲೇ ಗೊತ್ತಾದದ್ದಂತೆ. ಅಷ್ಟು ವರ್ಷ ಬೆಳಿಗ್ಗೆ ಎದ್ದು ಹೊಸ್ತಿಲು ದಾಟುವಾಗ ಅವರೂ ಆ ಸಂದು ನೋಡುತ್ತಿದ್ದರು. ಪುಡಿ ಸಾಲದೆ ಬಿಟ್ಟಿರಬೇಕು ಎಂದುಕೊಂಡು ಪ್ರತಿ ಸಂತೆಯಲ್ಲೂ ರಂಗೋಲಿ ಪುಡಿ ತಂದು ಹಾಕುತ್ತಿದ್ದರಂತೆ. ಅತ್ತೆಯವರು ಒಂದು ದಿನವೂ ಬೇಡ ಅನ್ನಲಿಲ್ಲವಂತೆ, ತೆಗೆದು ಡಬ್ಬಿಗೆ ಸುರುವಿಕೊಳ್ಳುತ್ತಿದ್ದರಂತೆ. ಮಾವ ಇದನ್ನು ಹೇಳಿ ನಕ್ಕರು, ನಗುತ್ತಿದ್ದ ಹಾಗೆಯೇ ಕಣ್ಣಲ್ಲಿ ನೀರು ಬಂತು. ಈ ಮನೆತನದ ಗಂಡಸರಿಗೆ ಹೆಂಡಿರ ರಂಗೋಲಿ ಓದಲು ಬಾರದು ಎಂಬುದು ಅಂದು ಖಾತ್ರಿಯಾಯಿತು.

ನನಗೆ ಒಳಗೊಳಗೇ ಒಂದು ಗಂಟೆ ಬಾರಿಸಿದ ಹಾಗಾಯಿತು. ನಾನು ಕೂಡಿಸಿದ್ದು ಅತ್ತೆಯವರ ಗೆರೆಯೇ ಅಲ್ಲ. ಇದೊಂದು ಮಾತು ಸುಮಲತಾಳಿಗೆ ಹೇಳಿದರೆ ನನ್ನ ಅಪರಾಧ ಅರ್ಧಕ್ಕರ್ಧ ಇಳಿಯುತ್ತದೆ. ಮಾವ ನನ್ನ ಮುಖ ನೋಡಿಯೇ ಅದನ್ನು ಊಹಿಸಿರಬೇಕು.

"ಸುಮಿಗೆ ಹೇಳಬ್ಯಾಡ್ರಿ. ಅವ್ವಂದಂತ ಇಟ್ಕೊಂಡಾಳ. ಇಟ್ಕೊಳ್ಳಿ."

ಹೂಂ ಅಂದೆ. ಈ ಸಲ ಕಿವಿಗೆ ಇಳಿದಿತ್ತು.

ಅವರು ಮತ್ತೆ ಕಮಲದ ಕಡೆ ತಿರುಗಿ, ಹೀಗೆ ಬಂದು ಹೀಗೆ ಸೇರಬೇಕಿತ್ತೇನು ಎನ್ನುತ್ತ, ನಾನು ಕೂಡಿಸಿದ ಎಸಳಿನ ಮೇಲೆ ಬೆರಳಾಡಿಸಿದರು. ಟ್ಯಾಬಿಗೆ ದುಃಖ ಗೊತ್ತೇ? ಬೆರಳು ಹೋದಲ್ಲೆಲ್ಲ ಬಿಳಿ ಗೆರೆ ಎಳೆಯಿತು. ನನ್ನ ನುಣುಪಾದ ಗುಲಾಬಿ ಎಸಳಿನ ಮೇಲೆ ಮುದಿ ಬೆರಳಿನ ಸೊಟ್ಟಂಪಟ್ಟ ಗೆರೆಯೊಂದು ಬಿತ್ತು. ಮಾವ ಗಾಬರಿಯಾಗಿ ಕೈ ಹಿಂದೆ ತೆಗೆದರು. ಹಿಟ್ಟಿನ ಡಬ್ಬಿ ಹಿಡಿದ ಸುಮಲತಾ ಆಗಲೇ ಬಾಗಿಲಲ್ಲಿ ನಿಂತಿದ್ದಳು.

ಡಬ್ಬಿ ಕೆಳಗಿಟ್ಟು ಬಂದು ಟ್ಯಾಬ್ ಕಿತ್ತುಕೊಂಡಳು. ಗೆರೆಯನ್ನು ನೋಡಿದಳು. "ಯಾರು ಎಳದ್ರು ಇದನ್ನ?"

ಮಾವ ನನ್ನನ್ನು ನೋಡಿದರು. ಎಂಬತ್ತರ ಹತ್ತಿರದ ಮನುಷ್ಯ, ಪಟಾಕಿ ಹಚ್ಚಿ ಸಿಕ್ಕಿಬಿದ್ದ ಹುಡುಗನ ಹಾಗೆ ಕೂತಿದ್ದರು.

"ನಾನು," ಎಂದೆ. "ಮತ್ತೊಮ್ಮೆ ಸರಿ ಮಾಡೋಣ ಅಂತ ತಗೊಂಡಿದ್ದೆ."

ನಾನು ತಲೆ ಒಡ್ಡಿ ಕಾದೆ. ಆಕೆ ಗೆರೆಯನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ಆಮೇಲೆ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು.

"ಅಪ್ಪ, ನೋಡಿಲ್ಲಿ. ಅವ್ವನ ಕೈ ಹಿಂಗಾ ಅಲ್ಲೇನು? ಕಡೀ ರಂಗೋಲ್ಯಾಗ ಥೇಟ್ ಹಿಂಗಾ ಇತ್ತು," ಎಂದಳು.

ಇರಲೇಬೇಕಲ್ಲ. ಕಾರ್ತಿಕದಿಂದ ದಿನವೂ ದೀಪದ ಮುಂದೆ ಕೂತು ಆಕೆ ನೋಡಿದ್ದು ಇದೇ ಕೈಯನ್ನು. ಮಾವ ಹೌದೆನ್ನುವ ಹಾಗೆ ತಲೆಯಾಡಿಸಿ, ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋದರು. ಸುಮಲತಾ ನನ್ನ ಕಡೆ ತಿರುಗಿದಳು. ಎಷ್ಟೋ ದಿನಗಳ ಮೇಲೆ ಆಕೆಯ ಮುಖದಲ್ಲಿ ನನಗಾಗಿ ಸ್ವಲ್ಪ ಬೆಳಕಿತ್ತು.

"ನಿಮಗ ಬರ್ತೈತಲ್ರಿ ಅವ್ವನ ಕೈ. ಉಳಿದವನ್ನೂ ಹಂಗಾ ಹಾಕಿಕೊಡ್ರಿ. ನಾ ನೆನಪು ಮಾಡಿ ಹೇಳ್ತೀನಿ, ನೀವು ಎಳೀರಿ."

ಮಾವ ಸಂಜೆಯ ಬಸ್ಸಿಗೆ ಮಾಗಳಕ್ಕೆ ಹೋದರು.

ಈಗ ದಿನವೂ ಬೆಳಿಗ್ಗೆ ನಾನು ದೇವರ ಕೋಣೆಯಲ್ಲಿ ಟ್ಯಾಬ್ ಹಿಡಿದು ಕೂರುತ್ತೇನೆ. ಮೊದಲು ಸಗಣಿ ಬಣ್ಣದ ಚೌಕ ಸಾರಿಸುತ್ತೇನೆ. ಸುಮಲತಾ ಪಕ್ಕದಲ್ಲಿ ಕೂತು, ಮ್ಯಾಲೆ ತಗೋರಿ, ಹೊಳ್ಳಿಸ್ರಿ, ಕೆಳಗ ಇಳಿಸ್ರಿ ಎನ್ನುತ್ತಾಳೆ. ಹಾಳಾದ್ದು, ನನ್ನ ಕೈಯಿಂದ ಬರುವುದೆಲ್ಲ ನೆಟ್ಟನೆಯ ಗೆರೆಯೇ. ಎಡಗೈಯಲ್ಲಿ ಎಳೆದು ನೋಡಿದೆ, ಉಸಿರು ಬಿಗಿಹಿಡಿದು ನೋಡಿದೆ, ಆಕೆ ಕಾಣದ ಹಾಗೆ ಮೊಣಕೈ ಅಲುಗಿಸಿ ನೋಡಿದೆ. ಅವತ್ತು ಬಂದದ್ದು ಇವತ್ತು ಯಾಕೆ ಬರುವುದಿಲ್ಲ ಎಂದು ಆಕೆ ಕೇಳುತ್ತಾಳೆ, ಅಭ್ಯಾಸ ತಪ್ಪಿದೆ ಎನ್ನುತ್ತೇನೆ. ಗೆರೆಯನ್ನು ಹತ್ತಿರ ಹಿಡಿದು ನೋಡಿ, "ಇದಲ್ರಿ, ಇನ್ನೊಂದೀಟು ನಡುಗಬೇಕು," ಎನ್ನುತ್ತಾಳೆ. ಅಳಿಸಿ ಮತ್ತೆ ಎಳೆಯುತ್ತೇನೆ.